ತೆಳ್ಳಗೆ ಹಚ್ಚು, ಎಡ್ನಾಲ್ಡೊ

ಓಸೋರಿಯೋನ ಅಂಗಡಿಯಲ್ಲಿ ಮೂರು ಬಗೆ.
ಒಂದು ಚಿಮುಕಿಸುವುದು: ಐದೇ ನಿಮಿಷ, ಎರಡು ವರ್ಷ ಹೊಳಪು
ಅನ್ನುತ್ತದೆ, ಮದುವೆ ದಲ್ಲಾಳಿಯ ಹಾಗೆ.
ಒಂದು ಪಾಲಿಶ್: ಬೆರಳಲ್ಲಿ ತಿಕ್ಕಿದರೆ ಒಳಗೆ ನುಣ್ಣನೆ ಮರಳು,
ಹಲ್ಲುಪುಡಿಯಷ್ಟೇ ಮೆತ್ತಗೆ, ಅಷ್ಟೇ ಕಳ್ಳ.
ಮೂರನೆಯದು ಗಟ್ಟಿ ಮೇಣ. ಚಪ್ಪಟೆ ಡಬ್ಬಿ,
ಮುಚ್ಚಳದ ಮೇಲೆ ತಾಳೆಮರ, ಕೆಳಗೆ ಜರ್ಮನ್ ಅಕ್ಷರ.

ಆ ಮರ ನಮ್ಮೂರಿನದು.
ಕಾಂಪೊ ಮಯೋರಿನಿಂದ ಮೂಟೆಯಾಗಿ ಹೋಗಿ
ಹಡಗು ಹತ್ತಿ, ಅತ್ತರು ಪೂಸಿಕೊಂಡು,
ಹತ್ತುಪಟ್ಟು ಬೆಲೆ ಹೊತ್ತು ಬಂದು ಕೂತಿದೆ.
ಪಾಲಿಶನ್ನೂ ಮೇಣವನ್ನೂ ಕೊಂಡೆ. ಸಾಲ ಬರೆಸಿದೆ.

ಶನಿವಾರ ಬೇಕರಿಯ ಜುಸಿಲೇನಿಯ ಮದುವೆ.
ಇಗರ್ಜಿಗೆ ಅವಳು ಹೋಗುವುದು ನನ್ನ ಫುಸ್ಕಾದಲ್ಲಿ,
ಎಪ್ಪತ್ತೊಂಬತ್ತರ ಮಾಡೆಲ್ಲು, ಆಮೆ ಬೆನ್ನಿನ ಕಾರು,
ಒಂದಾನೊಂದು ಕಾಲದಲ್ಲಿ ನೀಲಿ.
ಈಗ ಬಾನೆಟ್ಟು ಒಗೆದೊಗೆದು ಬೆಳ್ಳಗಾದ ಶಾಲೆಯ ಅಂಗಿ;
ಕೈಯಾಡಿಸಿದರೆ ಸುಣ್ಣ.

ಬಿಸಿಲೇರುವ ಮೊದಲೇ ಶುರು.
ಮಾವಿನ ಕೆಳಗೆ ನಿಲ್ಲಿಸಹೋದೆ.
"ಅಂಟು ಬೀಳುತ್ತೆ, ಆಚೆ ತಳ್ಳು" ಅಂದಳು ಅವ್ವ,
ಕಾಫಿ ಹಿಡಿದು ಹೊಸ್ತಿಲಲ್ಲಿ.

ತೊಳೆದೆ, ಒರೆಸಿದೆ, ಪಾಲಿಶ್ ಹಾಕಿ ತಿಕ್ಕಿದೆ.
ಬಟ್ಟೆ ನೀಲಿಯಾಯಿತು.
ಕಾರು ತನ್ನ ಬಣ್ಣವನ್ನು ಚೂರುಚೂರೇ ಕೊಟ್ಟು
ಅದೇ ಬಣ್ಣವನ್ನು ಕೊಂಡುಕೊಳ್ಳುತ್ತಿತ್ತು.
ಚಕ್ರದ ಮೇಲಿನ ಅಂಚಲ್ಲಿ ಕೈ ತಡೆದೆ:
ಅಲ್ಲಿ ಕೊಡಲು ಏನೂ ಉಳಿದಿಲ್ಲ,
ಇನ್ನೊಂದು ಸುತ್ತು ತಿಕ್ಕಿದರೆ ತಗಡು ಹಲ್ಲು ಕಿರಿಯುತ್ತದೆ.

ಆಮೇಲೆ ಮೇಣದ ಡಬ್ಬಿ ತೆರೆದೆ.
ಅವ್ವ ಎದ್ದು ಬಂದಳು.
ಉಗುರಲ್ಲಿ ಗೀರಿ ತೆಗೆದು, ಅಂಗೈಯಲ್ಲಿ ತೀಡಿ, ಮೂಸಿ,
"ಸೀಮೆಎಣ್ಣೆ ಜಾಸ್ತಿ. ನಮ್ಮದು ಚಿಟಿಕೆಯಷ್ಟು.
ಅದೂ ಬಲಿತ ಗರಿಯದು, ಸುಳಿಯದಲ್ಲ" ಅಂದಳು.

ಹದಿನಾಲ್ಕು ಬೇಸಿಗೆ ಅವಳು ಗರಿ ಬಡಿದವಳು.
ಕಿಟಕಿ ಮುಚ್ಚಿದ ಕೋಣೆ; ಗಾಳಿ ಬಂದರೆ ಪುಡಿ ಹಾರಿ
ಕೂಲಿಯೂ ಹಾರಿಹೋಗುತ್ತದೆ.
ಸಂಜೆ ಹೊರಬಂದರೆ ರೆಪ್ಪೆ, ಹುಬ್ಬು, ತಲೆಗೂದಲೆಲ್ಲ ಬಿಳಿ.
ಇಪ್ಪತ್ತಕ್ಕೇ ಮುದುಕಿಯಾಗಿ ಮನೆಗೆ ಬಂದು
ಮಿಂದು ಹುಡುಗಿಯಾಗುತ್ತಿದ್ದಳಂತೆ.
ಈಗ ಎಷ್ಟು ಮಿಂದರೂ ಹೋಗುವುದಿಲ್ಲ.

"ಮಳೆ ಕೈಕೊಟ್ಟ ವರ್ಷ ಗರಿ ಜಾಸ್ತಿ ಮೇಣ ಕೊಡೋದು," ಅಂದಳು,
"ಒಳಗಿನ ನೀರು ಹೋಗದಿರಲಿ ಅಂತ ಮರ ಮಾಡಿಕೊಂಡದ್ದು.
ನೀನು ಹೊರಗಿನ ನೀರು ಬಾರದಿರಲಿ ಅಂತ ಬಳೀತಿದ್ದೀಯ."

ನಾನು ಬಳಿಯುತ್ತಿದ್ದದ್ದು ರೊಟ್ಟಿಗೆ ಬೆಣ್ಣೆ ಮೆತ್ತಿದ ಹಾಗೆ.
"ತೆಳ್ಳಗೆ ಹಚ್ಚು, ಎಡ್ನಾಲ್ಡೊ.
ಮೇಲಿನ ಪದರ ಹಿಡಿಯೋದಿಲ್ಲ,
ಒರೆಸಿ ಬಿಸಾಡೋ ಬಟ್ಟೆಗೆ ಯಾಕೆ ಅಷ್ಟು ಉಪಚಾರ?"
ನನ್ನ ಕೈಯಿಂದ ಸ್ಪಂಜು ಕಸಿದುಕೊಂಡು
ಕಾರಿನ ಬೆನ್ನು ಪೂರ್ತಿ ಅವಳೇ ಹಚ್ಚಿದಳು,
ಜ್ವರದ ಮಗುವಿನ ಎದೆಗೆ ಕೈಯಾಡಿಸಿದಂತೆ, ಒತ್ತದೆ.
ಕಾದೆವು. ನೀಲಿಯ ಮೇಲೆ ಮಂಜು ಕಟ್ಟಿತು.
ಬೆರಳೆಳೆದು ನೋಡಿದಳು, ಇನ್ನೂ ಆಗಿಲ್ಲ.
ಮತ್ತೆ ಎಳೆದಳು, ಗೆರೆ ಶುಭ್ರ.
"ಹೂಂ. ಈಗ."

ಒಣಬಟ್ಟೆ ಓಡಿದಲ್ಲೆಲ್ಲ ಆಕಾಶ ಬಂತು,
ನೀರಿನ ಟ್ಯಾಂಕು, ತಂತಿ, ತಂತಿಯ ಮೇಲಿನ ಅಂಗಿ.
ಕಿಟಕಿಯ ರಬ್ಬರಿಗೆ ತಾಗಿದ ಬಿಳಿ ಮಾತ್ರ
ಹಲ್ಲುಜ್ಜುವ ಬ್ರಷ್ಷಿಗೂ ಬಗ್ಗಲಿಲ್ಲ.
ಜುಸಿಲೇನಿ ಅದನ್ನು ನೋಡುವ ದಿನವಲ್ಲ ಅದು, ಬಿಡಿ.

ಅವ್ವ ತನ್ನ ಕಾಫಿ ಲೋಟ ತಗೊಂಡು ಹೊರಟಳು,
ಅಂಗೈಯಲ್ಲುಳಿದ ಮೇಣವನ್ನು ಚಪ್ಪಲಿಯ ಪಟ್ಟಿಗೆ ತೀಡಿ.
ಅಷ್ಟರಲ್ಲಿ ಪಕ್ಕದ ಮನೆ ಕೋಳಿ
ದಿನದ ರೂಢಿಯಂತೆ ಹಾರಿ ಕಾರಿನ ನೆತ್ತಿಗೆ ಕೂತು,
ಒಂದು ಹೆಜ್ಜೆ ಇಟ್ಟು,
ಗಾಜಿನ ಮೇಲೆ, ಬಾನೆಟ್ಟಿನ ಮೇಲೆ, ಅಂಡೂರಿಕೊಂಡು
ಜರ್ರನೆ ಜಾರಿ ಮಣ್ಣಿಗೆ ಬಿದ್ದು
ನಮ್ಮನ್ನೇ ಬೈಯತೊಡಗಿತು.
ಅವ್ವ ಬಾಗಿಲಿನ ಚೌಕಟ್ಟು ಹಿಡಿದು ನಕ್ಕಳು,
ಲೋಟದ ಕಾಫಿಯೆಲ್ಲ ಚೆಲ್ಲುವಷ್ಟು.