ಜವಾರಿ

ಮಿರಜದಾಗ ನನ್ನ ಬಾಡಿಗಿ ಖೋಲಿಯ ಕೆಳಗ
ಸಿತಾರ ಮಾಡೂವವರ ಅಂಗಡಿ.
ದಸ್ತಗೀರ ಚಾಚಾ ಇಡೀ ಹಗಲು
ಎಲುಬಿನ ಒಂದು ಪಟ್ಟಿ ಉಜ್ಜತಾನ,
ತಂತಿ ಮೀಟತಾನ, ತಲಿ ಅಲ್ಲಾಡಿಸಿ
ಮತ್ತ ಉಜ್ಜತಾನ.
ಅದಕ್ಕ ಜವಾರಿ ಅಂತಾರಂತ.
ನಮ್ಮ ಉಮದಿಯಾಗ ಜವಾರಿ ಅಂದ್ರ
ಕೋಳಿ, ಬದನಿಕಾಯಿ, ಮತ್ತ ನನ್ನ ಮಾತು.

ಮೂರನೇ ವರ್ಷ, ಮೆಡಿಸಿನ್ ವಾರ್ಡು, ಹನ್ನೊಂದನೇ ಕಾಟು.
ಸಂಖದ ದುಂಡವ್ವ. ನಾಕು ತಿಂಗಳಾತು, ಊಟ ಸೇರವಲ್ದು.
ಎಂಡೋಸ್ಕೋಪಿ ಆಗೈತಿ, ಸೋನೋಗ್ರಫಿ ಆಗೈತಿ,
ಎಲ್ಲಾ ರಿಪೋರ್ಟು ನಾರ್ಮಲ್.
"ಕಾಯ್ ಹೋತಂಯ, ಮಾವಶಿ?" ಅಂದ್ರು ರೆಸಿಡೆಂಟು.
ಆಕಿ ಮರಾಠಿ ಬಜಾರದಷ್ಟು:
ಉಪ್ಪು ಕೇಳೂವಷ್ಟು, ಬಸ್ಸು ಕೇಳೂವಷ್ಟು.
ನನ್ನ ಕಡೆ ತಿರುಗಿ ಅಂದ್ಳು,
"ಒಳಗ ಯಾರೋ ಕುಂತು ಹಗ್ಗ ಹೊಸದಂಗ ಆಗತೈತಿ, ತಂಗೀ."
ನಾ ಅಂದೆ: ಪೋಟಾತ್ ದುಖತಂಯ.

ಎರಡಽ ಶಬ್ದ. ಎಷ್ಟು ಜಲ್ದಿ ಬಂದುವು ಬಾಯಿಗೆ!
ಪ್ಯಾಂಟೊಪ್ರಜೋಲ್, ಊಟಕ್ಕಿಂತ ಮೊದಲು. ಡಿಸ್ಚಾರ್ಜು.
ಹೋಗೂವಾಗ ಚೀಟಿ ಮಡಚಿ
ಸೆರಗಿನ ತುದಿಗೆ ಗಂಟು ಹಾಕಿದ್ಳು.
ಆ ಗಂಟು ನೋಡಿ ಎದಿ ಧಸಕ್ಕಂತು.
ಎಂಥಾ ಹಗ್ಗ ಅಂತ ನಾ ಕೇಳಽ ಇಲ್ಲ.

ಎರಡು ತಿಂಗಳ ಮ್ಯಾಲ ಮತ್ತ ಸಿಕ್ಕಳು,
ಕಾರಿಡಾರಿನ ತುದಿಗೆ, ಮುರಕ ಸ್ಟ್ರೆಚರು ಒಟ್ಟಿದ ಜಾಗದ ಬಾಜೂಕ,
ಇಪ್ಪತ್ತೇಳನೇ ಖೋಲಿ.
ಪೋಂಕ್ಷೆ ಮ್ಯಾಡಮ್ ನನಗಂದ್ರು,
"ಅರ್ಥ ಹೇಳಬ್ಯಾಡ. ಆಕಿ ಅಂದದ್ದು ಹೇಳು."
ಹಗ್ಗ, ಅಂದೆ.
ಕೇಸ್ ಪೇಪರಿನ ಮ್ಯಾಲ ದೇವನಾಗರಿಯೊಳಗ
ಹಂಗಽ ಬರಕೊಂಡ್ರು: ಹಗ್ಗ.
ಪೆನ್ನು ಕೆಳಗಿಟ್ಟು,
"ಯಾರು ಹೊಸೀತಾರ ಅಂತ ಕೇಳು."
ಕೇಳಿದೆ.
ಹೊರಗ ಯಾರದೋ ನಂಬರು ಕೂಗಿದ್ರು.
ಫ್ಯಾನು ತಿರಗತಿತ್ತು. ಮತ್ತೊಂದು ನಂಬರು ಕೂಗಿದ್ರು.
ದುಂಡವ್ವ ತನ್ನ ಅಂಗೈ ಎರಡೂ ನೋಡಿಕೊಂಡು
"ನಾನಽ" ಅಂದ್ಳು. "ಮತ್ತ್ಯಾರು."

ಮುಂದಿಂದು ಆಕೀದು, ಇಲ್ಲಿ ಬರಿಯಾಂಗಿಲ್ಲ.
ಆರಾಮ ಆದ್ಳೋ ಇಲ್ಲೋ, ಅದೂ ಗೊತ್ತಿಲ್ಲ;
ಮೂರು ಸಲ ಬಂದ್ಳು,
ನಾಕನೇ ಸಲಕ್ಕ ನನ್ನ ಪೋಸ್ಟಿಂಗು ಬದಲಾಗಿತ್ತು.

ಈಗ ಕೌನ್ಸೆಲಿಂಗಿನ ಫಾರ್ಮು ತೆರದು ಕುಂತೀನಿ
ಊರಾಗ, ಅಡಗಿಮನಿಯಾಗ. ಅಲ್ಲೇ ನೆಟವರ್ಕು ಸಿಗೂದು.
ಕಾಕಾ ಅಂತಾನ, "ಎಲುಬಿಂದು ತಗೋ, ರೊಕ್ಕ ಎಲುಬಿನಾಗೈತಿ.
ಹುಚ್ಚರ ಡಾಕ್ಟರಿಗೆ ಕಡೀಕ ಹುಚ್ಚಽ ಹಿಡೀತೈತಿ."
ಅಪ್ಪ ಎಸ್.ಟಿ. ಕಂಡಕ್ಟರು. ಮೂವತ್ತು ವರ್ಷ
ಮರಾಠಿಯೊಳಗ ಟಿಕೀಟು ಹರದು
ಕನ್ನಡದಾಗ ಊರು ಕೂಗಿದಾಂವ.
"ಎಲ್ಲಿ ಇಳೀಬೇಕಂತ ಕುಂತಾವ್ರಿಗೆ ಗೊತ್ತಿರತೈತಿ"
ಅಂದು ಅಂಗಿ ಹಾಕ್ಕೊಂಡು ಹೋದ.

ಎಲುಬಿನ ಮಾತಿಗೆ ಚಾಚಾ ನೆನಪಾದ.
ಆಂವ ಉಜ್ಜೂದೂ ಎಲುಬಽ,
ಹುಡುಕೂದು ಮಾತ್ರ ಬ್ಯಾರೆ.
ಮೊದಲನೇ ಆಯ್ಕೆ: ಸೈಕಿಯಾಟ್ರಿ.
ಎರಡನೇದು ಖಾಲಿ ಬಿಟ್ಟೆ.

ಎಲ್ಲಾರೂ ಎದ್ದು ಹೋದ ಮ್ಯಾಲ
ರೊಟ್ಟಿ ಬಡಿಯೂ ಕೈ ನಿಲ್ಲಸದ ಅವ್ವ ಅಂದ್ಳು,
"ರಾತ್ರಿ ನಿದ್ದಿ ಬರಲಾರದವರನ್ನೂ ನೋಡ್ತೀರೇನು ನೀವು?"
ನೀವು. ಆಗಲೇ ಬಹುವಚನ.
"ಯಾರಿಗೆ ಬರವಲ್ದು, ಯವ್ವಾ?"
"ಹಿಂಗಽ ಕೇಳಿದೆ."

ಹಿಂಗಽ. ಮರಾಠಿಯೊಳಗ ಅಸಂಚ್.
ಹನಿ ಸೋರದಂಗ ತಿರುವಬಹುದು ಈ ಮಾತ.
ಫೋನು ಬೋರಲು ಹಾಕಿ
ಮಣಿ ಎಳಕೊಂಡು
ಒಲಿ ಮುಂದ ಕುಂತೆ.