ಅಕ್ರೋಟು ಮರದ ತಿರುವು

ಶುಕ್ರವಾರ ಸಂಜೆಯವರೆಗೂ ಶೂಗಳ ಹಿಮ್ಮಡಿಗೆ ಅಂಟು ಬಳಿಯುವ ಕೆಲಸ.
ಶನಿವಾರ ಬೆಳಿಗ್ಗೆ, ಮೂಗಿನಲ್ಲಿನ್ನೂ ಆ ವಾಸನೆ ಇರುವಾಗಲೇ,
ಸೈಕಲ್ಲು ಹೊರಗೆಳೆಯುತ್ತೇನೆ.
ಕಡಲ ಕಡೆಗಲ್ಲ. ಅಲ್ಲಿಗೆ ಎಲ್ಲರೂ ಹೋಗುತ್ತಾರೆ.
ಕಡಲಿಗೆ ಬೆನ್ನು ಹಾಕಿ, ತೆನ್ನಾ ಹೊಳೆಯ ಗುಂಟ,
ಪೀಚ್ ತೋಟ ಮುಗಿಯುವಲ್ಲಿ ಎಡಕ್ಕೆ.
ಬೋರ್ಡಿಲ್ಲ. ಇದ್ದದ್ದನ್ನು ಯಾರೋ ಕೋಳಿಗೂಡಿಗೆ ಬಾಗಿಲು ಮಾಡಿಕೊಂಡಿದ್ದಾರೆ;
ಊರ ಹೆಸರು ತಲೆಕೆಳಗಾಗಿ ಈಗಲೂ ಓದಬಹುದು.

ಆಮೇಲೆ ಏರು.

ಏರು ಅಂದರೆ ಒಂದೇ ಏರಲ್ಲ.
ಸೂರ್ಯಕಾಂತಿ ಹೊಲದ ಪಕ್ಕದ್ದು ನಯವಂಚಕ:
ಕಣ್ಣಿಗೆ ಸಮತಟ್ಟು, ಕಾಲು ಮಾತ್ರ ಒಪ್ಪುವುದಿಲ್ಲ.
ಸ್ಮಶಾನದ ಸೈಪ್ರೆಸ್ ಸಾಲಿನದು ಗಂಭೀರ, ಒಂದೇ ಸಮ;
ಸಾಲ ತೀರಿಸಿದ ಹಾಗೆ ಕಂತುಕಂತಾಗಿ ತುಳಿಯಬೇಕು.
ಕೊನೆಯದು, ಕೋಟೆಗೋಡೆಯ ಬುಡದ್ದು,
ಬೇಕೆಂದೇ ಅಷ್ಟು ಕಡಿದಾಗಿ ಬಿಟ್ಟದ್ದು:
ಕುದುರೆಯೇರಿ ಬಂದ ಶತ್ರುವೂ ಇಲ್ಲಿ ಇಳಿದು, ಬಾಗಿ,
ಏದುಸಿರು ಬಿಡುತ್ತ ಕದ ತಟ್ಟಲಿ ಎಂದು.
ಆರುನೂರು ವರ್ಷ ತಡವಾಗಿ ನಾನೂ ಹಾಗೇ ಬಂದೆ.

ಮೊಂತೆ ರೊವೇರೊ. ಮಧ್ಯಾಹ್ನ ಒಂದು ಗಂಟೆ.
ಹಸಿರು ಕಿಟಕಿಗಳೆಲ್ಲ ಮುಚ್ಚಿ, ಒಳಗೆ ಚಮಚದ ಸದ್ದು.
ಚರ್ಚಿನ ಮೆಟ್ಟಿಲ ಮೇಲೆ ಬೆಕ್ಕು
ನೆರಳು ಸರಿದಷ್ಟೇ ತಾನೂ ಸರಿಯುತ್ತಿದೆ.
ನೀರಿನ ಕೆಳಗೆ ತಲೆಯಿಟ್ಟೆ. ಕಲ್ಲಿನ ಸಿಂಹದ ಬಾಯಿ,
ಸವೆದು ಸವೆದು ಈಗ ಬೊಚ್ಚುಬಾಯಿಯ ಅಜ್ಜಿ.

‘ಯಾವ ದಾರಿಯಿಂದ ಬಂದೆ?’
ಇವಳು ನಿಜವಾದ ಅಜ್ಜಿ. ಮಡಿಲ ತುಂಬ ಬೀನ್ಸು.
ಯಾವ ಊರು, ಯಾರ ಮಗಳು, ಅದೆಲ್ಲ ಕೇಳಲಿಲ್ಲ.
‘ಸ್ಮಶಾನದ ದಾರಿ.’
‘ಇಳಿಯುವುದು?’
‘ಹೊಳೆಯ ಕಡೆಗೆ.’

ಬೀನ್ಸು ಬದಿಗಿಟ್ಟಳು ಸೆತ್ತಿಮಿಯಾ. ಏಳನೆಯವಳು, ಅದಕ್ಕೇ ಆ ಹೆಸರು.
ಏಳು ಮಕ್ಕಳಿಗೆ ಒಂದೇ ಸೈಕಲ್ಲು, ಅದೂ ಗಂಡು ಸೈಕಲ್ಲು,
ಇವಳ ಸರದಿ ಬರುವಷ್ಟರಲ್ಲಿ ಬ್ರೇಕಿನ ರಬ್ಬರು ಸವೆದಿತ್ತಂತೆ.
‘ಏರುವಾಗ ತಳ್ಳಿಕೊಂಡೇ ಬರುತ್ತಿದ್ದೆ, ಮೇಲೆ ಹಿಟ್ಟಿನ ಚೀಲ.
ಇಳಿಯುವುದಾದರೆ ನನ್ನನ್ನು ಕೇಳು.’
ಒದ್ದೆ ಬೆರಳಲ್ಲಿ ಕಲ್ಲಿನ ಮೇಲೆ ಗೆರೆ ಎಳೆದಳು:
‘ಮೊದಲ ತಿರುವು ಉಪ್ಪಿನದು, ಉಪ್ಪು ಹೊತ್ತ ಕತ್ತೆ ಬಿದ್ದದ್ದು. ಮರಳಿದೆ, ಹುಷಾರು.
ಎರಡನೆಯದು ಪಾದ್ರಿಯದು. ಅವರು ಅಲ್ಲಿ ಇಳಿದು ನಡೆಯುತ್ತಿದ್ದರು. ನೀನು ಇಳಿಯಬೇಡ.
ಮೂರನೆಯದರಲ್ಲಿ ಬ್ರೇಕು ಹಿಡಿಯಬೇಡ. ರಸ್ತೆ ನೋಡಬೇಡ.
ಅಕ್ರೋಟು ಮರ ನೋಡು. ಮರವೇ ನಿನ್ನನ್ನು ತಿರುಗಿಸುತ್ತದೆ.’

ಅವಳು ಮುಗಿಸುವ ಮೊದಲೇ ಗೆರೆ
ಮೇಲಿನ ತುದಿಯಿಂದ ಆರತೊಡಗಿತ್ತು.

ಉಪ್ಪು: ಮರಳಿತ್ತು.
ಪಾದ್ರಿ: ಇಳಿಯಲಿಲ್ಲ, ಹಲ್ಲು ಕಚ್ಚಿದೆ.
ಗಾಳಿ ಕಿವಿಯೊಳಗೆ ಬಟ್ಟೆ ಒಗೆಯುತ್ತಿತ್ತು.
ಮೂರನೆಯದು ಬಂತು. ಮರ ಇರಲಿಲ್ಲ.

ಬುಡವೂ ಇಲ್ಲ. ಹುಲ್ಲು, ಅದರಾಚೆ ಬರೀ ಬಯಲು,
ತೀರ ದೂರದಲ್ಲಿ ಸಿಬಿಲ್ಲಿನಿ ಬೆಟ್ಟಗಳ ನೀಲಿ.
ಬೆರಳು ಬ್ರೇಕಿನ ಮೇಲೆ, ಕಣ್ಣು ರಸ್ತೆಯಂಚಿನ ಮೇಲೆ,
ಸೈಕಲ್ಲೂ ಅಂಚಿನ ಕಡೆಗೇ.
ಕಣ್ಣು ಹೋದತ್ತ ಚಕ್ರ; ಅದಕ್ಕೆ ಬೇರೆ ನಿಯಮ ಗೊತ್ತಿಲ್ಲ.
ಆಗ ನೋಡಿದೆ, ಎಲ್ಲಿ ಇರಬೇಕಿತ್ತೋ ಅಲ್ಲಿ.
ಎಷ್ಟೆತ್ತರ, ಎಷ್ಟು ನೆರಳು, ನನಗೇನು ಗೊತ್ತು,
ಲಂಗ ಮುದುರಿ ಹಿಡಿದ ಹದಿನಾರರ ಹುಡುಗಿ
ಕೊಂಬೆಯಡಿ ನುಸುಳಿ ಹೋದ ಜಾಗಕ್ಕೆ ಕಣ್ಣಿಟ್ಟೆ.
ಹೆಗಲು ವಾಲಿತು. ಸೊಂಟ ವಾಲಿತು.
ರಸ್ತೆ ತಾನಾಗಿ ಬಿಚ್ಚಿಕೊಂಡಿತು.

ಕೆಳಗೆ, ಮುಚ್ಚಿದ ಗಿರಣಿಯ ಸೇತುವೆ ಮೇಲೆ ನಿಂತೆ.
ಕೈ ನಡುಗುತ್ತಿತ್ತು, ನಗು ಬರುತ್ತಿತ್ತು.
ಮರ ಹೋದದ್ದು ಅವಳಿಗೆ ಗೊತ್ತಿಲ್ಲವೋ,
ಗೊತ್ತಿದ್ದೂ ಹೇಳಲಿಲ್ಲವೋ?
ಮುಂದಿನ ಶನಿವಾರ ಕೇಳಬಹುದು. ಕೇಳುವುದಿಲ್ಲ.
ಒಂದು ಜೊತೆ ಬ್ರೇಕಿನ ರಬ್ಬರು ಒಯ್ಯುತ್ತೇನೆ,
ಆ ಗಂಡು ಸೈಕಲ್ಲು ಯಾವುದಾದರೂ ಅಟ್ಟದ ಮೇಲೆ ಇನ್ನೂ ಇದ್ದರೆ.
ಅಷ್ಟು ಹಳೆಯ ಅಳತೆಯದು ಅಂಗಡಿಯಲ್ಲಿ ಸಿಗುವುದಿಲ್ಲ.
ಕಾರ್ಖಾನೆಯಿಂದ ಹಿಮ್ಮಡಿಯ ರಬ್ಬರು ತಂದು
ನಾನೇ ಕೊಯ್ದು ಮಾಡಬೇಕು.