ಒಂದೂಕಾಲರ ನಿದ್ದೆ

ಮೊದಲ ವಾರವಿಡೀ ಫಿಲೋಮಿನಮ್ಮನದು ಒಂದೇ ವರದಿ:
ಉಂಡಳು, ಆಡಿದಳು, ಕಣ್ಣು ಕೆಂಪಾಯಿತು,
ಮುಚ್ಚಲಿಲ್ಲ.
ಹನ್ನೊಂದು ಚಾಪೆ, ಹತ್ತು ಮಕ್ಕಳು ಮಲಗಿದವು,
ನಿಮ್ಮ ಇಂಚರ ಮಾತ್ರ ಕಿಟಕಿ ಸರಳು ಹಿಡಿದು
ಗೋಪಾಳದ ಕೊನೇ ಸ್ಟಾಪಿಗೆ ಬಂದು ತಿರುಗುವ
ಸಿಟಿ ಬಸ್ಸು ಎಣಿಸುತ್ತ ನಿಂತಳು.
ಎಣಿಸುವುದೆಂದರೆ, ಎಲ್ಲ ಬಸ್ಸೂ 'ಎಲಡು'.

ಲಾಲಿ ಹಾಡಿದ್ದಾಯಿತು, ಬೆನ್ನು ಸವರಿದ್ದಾಯಿತು,
ಅಂಗಾಲು ತಿಕ್ಕಿದ್ದಾಯಿತು.
ಗುಮ್ಮ ಬರ್ತಾನೆ ಅಂತ ಮಾತ್ರ ಹೇಳಲಿಲ್ಲ,
ಅದೊಂದು ನನ್ನ ಬಾಯಲ್ಲಿ ಬರಲ್ಲ ಕಣಮ್ಮ, ಅಂದರು.
ನನ್ನ ಹಳೇ ಸೀರೆಯ ಸೆರಗು ಕತ್ತರಿಸಿ
ಒಗೆಯದೆ ಕಳಿಸಿಕೊಟ್ಟೆ.
ಅದನ್ನು ಪಕ್ಕದ ಚಾಪೆಯ ಉಜೈರನಿಗೆ ಹೊದಿಸಿ
ತಾನು ಮತ್ತೆ ಕಿಟಕಿಗೇ ಹೋದಳಂತೆ.

ನಾನು ಮಾಚೇನಹಳ್ಳಿಯ ಫ್ಯಾಕ್ಟರಿಯಲ್ಲಿ,
ಗಂಟೆಗೆ ಎಂಬತ್ತು ಕಾಲರ್.
ಹೊಸ ಕೆಲಸ, ಫೋನು ಲಾಕರಿನೊಳಗೆ.
ಒಂದೂಕಾಲಿಗೆ ಊಟದ ಬೆಲ್ಲು.
ಡಬ್ಬಿ ತೆರೆದರೆ ಹಸಿವೆಯಿಲ್ಲ,
ಬರೀ ತೂಕಡಿಕೆ, ಅವಳ ಪಾಲಿನದು.

ಒಂದು ಬುಧವಾರ ಕರೆಂಟು ಹೋಯಿತು.
ಆರುನೂರು ಮೆಷಿನ್ನು ಒಮ್ಮೆಲೇ ಬಾಯಿ ಮುಚ್ಚಿದವು.
ಜನರೇಟರು ಕೆಮ್ಮಿ ಏಳುವ ಮೊದಲಿನ
ಆ ಅರೆಗಳಿಗೆ
ನನ್ನ ಕಿವಿಗೇ ದಿಗಿಲು.
ಅಯ್ಯೋ, ಇದೇ. ಇದೇ ಅಲ್ಲವೇ ಅವಳಿಗೂ.

ಟ್ಯಾಂಕ್ ಮೊಹಲ್ಲಾದ ನಮ್ಮ ಒಂದೂವರೆ ಕೋಣೆಯಲ್ಲಿ
ಕಾಲುಮೆಷಿನ್ನಿನ ಅಡಿಯೇ ಅವಳ ಹಾಸಿಗೆ.
ಎರಡು ವರ್ಷ ಮಲಗಿದ್ದು ಅಲ್ಲೇ,
ಕಟಕಟ ಕಟಕಟ ಕಟಕಟ, ನಿಲುಗಡೆ,
ಮೂರು ಗೇಣು ಹಿಂದಲ್ಲ, ಮೂರು ಹೊಲಿಗೆ ಹಿಂದೆ,
ಕತ್ತರಿ ಕಚಕ್,
ಮತ್ತೆ ಕಟಕಟ.
ರವಿಕೆಯ ತೋಳು ಕೂಡಿಸುವಾಗ ರೆಪ್ಪೆ ಇಳಿಯುತ್ತಿತ್ತು,
ಕಂಕುಳ ತಿರುವಿಗೆ ಬರುವಷ್ಟರಲ್ಲಿ ಗೊರಕೆ.
ಕೈಯಲ್ಲಿ ಹುಕ್ಕು ಹಾಕಲು ಕೂತರೆ ಮಾತ್ರ
ಸದ್ದಿಲ್ಲವೆಂದು ಎದ್ದುಬಿಡುವಳು.
ಗಾಂಧಿ ಬಜಾರಿನ ಅರ್ಧ ಪಾಲು ರವಿಕೆಗಳು
ಹುಕ್ಕಿನ ಹೊತ್ತಿಗೆ ಅವಳ ಅಳು ಕೇಳಿವೆ.

ಮರುದಿನ ಫ್ಯಾಕ್ಟರಿ ಬಸ್ಸಿಗೆ ಹದಿನೈದು ನಿಮಿಷ ಮೊದಲು
ಫಿಲೋಮಿನಮ್ಮನ ಅಂಗೈ ಹಿಡಿದು
ನನ್ನ ತೊಡೆಯ ಮೇಲೇ ತಟ್ಟಿಸಿದೆ.
ಹಾಗಲ್ಲ, ಇನ್ನೂ ಬೇಗ. ಈಗ ನಿಲ್ಲಿಸಿ.
ಉಸಿರು ತಗೊಳ್ಳಿ. ಹಿಂದಕ್ಕೆ ಮೂರು.
ನಾಲಿಗೆಯಲ್ಲಿ ಕಚಕ್ ಅನ್ನಿ.
ಅವರು ನಕ್ಕು ಕಣ್ಣೊರೆಸಿಕೊಂಡರು:
ಇಪ್ಪತ್ತೆರಡು ವರ್ಷದಿಂದ ಮಕ್ಕಳನ್ನ ಮಲಗಿಸ್ತಿದೀನಿ,
ಟೈಲರಿಂಗ್ ಇವತ್ತು ಕಲಿತೆ ನೋಡು.

ಗುರುವಾರ ಏಳು ನಿಮಿಷ.
ಶುಕ್ರವಾರ ಇಲ್ಲವೇ ಇಲ್ಲ.
ಸೋಮವಾರ ಒದ್ದಳು, ಅತ್ತಳು, ಚಾಪೆ ಒದ್ದೆ,
ಜೊತೆಗೆ ಇನ್ನೂ ನಾಲ್ವರನ್ನು ಎಬ್ಬಿಸಿದಳು,
ಸಾಯಂಕಾಲ ಬೇರೆ ತಾಯಂದಿರ ಮುಖ ನೋಡದೆ
ಚಪ್ಪಲಿ ಮೆಟ್ಟಿಕೊಂಡು ಬಂದೆ.
ಆಮೇಲೆ ಒಂದು ದಿನ, ಚಾಪೆಯನ್ನೇ
ಕಿಟಕಿಯ ಕೆಳಕ್ಕೆ ಎಳೆದು ಹಾಸಿದರಂತೆ.
ಬಸ್ಸಿನ ಸದ್ದು ಕೇಳಲಿ ಬಿಡು ಎಂದು.
ಎರಡನೇ ತೋಳು ಮುಗಿಯುವ ಮೊದಲೇ
ಮೂವತ್ತೈದು ನಿಮಿಷ.

ಅಲ್ಲಿಂದ ಅವರು, ನನಗೆ ಹೇಳದೆಯೇ,
ಹೊಲಿಗೆ ಸಡಿಲ ಮಾಡುತ್ತ ಬಂದರು.
ಎರಡು ತಟ್ಟುವ ಕಡೆ ಒಂದು,
ಒಂದರ ಕಡೆ ಬರೀ ಕೈಭಾರ.
ಈಗ ಕೈಯೂ ಬೇಡ ಕಣಮ್ಮ,
ಉಜೈರ್ ಮಗ್ಗುಲು ಬದಲಾಯಿಸಿದರೆ
ಇವಳೂ ಬದಲಾಯಿಸ್ತಾಳೆ.

ಸಂತೋಷವೇ ಆಯಿತು.
ಬಸ್ಸಿನಲ್ಲಿ ಯಾಕೋ ಎರಡು ಸ್ಟಾಪು
ಹೊರಗೇ ನೋಡುತ್ತ ಕೂತೆ.

ಈ ಭಾನುವಾರ ಉಂಡು ಕೈ ತೊಳೆದವಳು
ತಾನೇ ಹೋಗಿ ಚಾಪೆ ಎಳೆದು ತಂದಳು.
ಮೆಷಿನ್ನಿನ ಅಡಿಗಲ್ಲ, ಬಾಗಿಲ ಬಳಿ.
ಪಕ್ಕದಲ್ಲಿ ನನ್ನ ಟವೆಲ್ಲು ಹಾಸಿ
ಅದರ ಮೇಲೆ ನನ್ನದೇ ಸೆರಗಿನ ತುಂಡು ಹೊದಿಸಿದಳು.
ಎದುರುಮನೆಯ ಗೌರಿಬಾಯಿಯ ರವಿಕೆಯೊಂದು ಬಾಕಿಯಿತ್ತು.
ಚಕ್ರಕ್ಕೆ ಎಣ್ಣೆ ಬಿಟ್ಟು
ಪೆಡಲಿನ ಮೇಲೆ ಕಾಲಿಟ್ಟೆ,
ಕಟಕಟ ಕಟ,

ಒಂದು ಕಣ್ಣು ತೆರೆಯಿತು.
ತುಟಿಯ ಮೇಲೆ ಪುಟ್ಟ ಬೆರಳು:
ಶ್... ಉಜೈಲ್ ಮಲ್ಗಿದಾನೆ.

ಕಾಲು ಹಾಗೇ ನಿಂತಿತು.
ಹುಕ್ಕು ಹಾಕುವುದಿತ್ತು,
ಅದನ್ನೇ ತೆಗೆದುಕೊಂಡೆ.